ಒಸಾಕಾದ ಶಿನ್ಸಾಯ್‌ಬಾಶಿ ಪೇಟೆ ಸುತ್ತುವುದು ಹೇಗೆ: ಮಂಗಳೂರು, ಉಡುಪಿ ಕಡೆಯವರಿಗೆ

ಒಸಾಕಾಕ್ಕೆ ಹೊರಟವರು ಕೇಳುವುದು ಎರಡೇ ಪ್ರಶ್ನೆ. ಅಲ್ಲಿ ಎಂತ ತಿನ್ನುವುದು? ಅಲ್ಲಿಂದ ಎಂತ ತರುವುದು? ಎರಡಕ್ಕೂ ಉತ್ತರ ಊರಿನ ನಟ್ಟನಡುವಿನ ಒಂದು ಬೀದಿಯಲ್ಲಿ ಮತ್ತು ಅದರ ಅಕ್ಕಪಕ್ಕದಲ್ಲಿ ಸಿಗುತ್ತದೆ. ಬೀದಿಯ ಹೆಸರು ಶಿನ್ಸಾಯ್‌ಬಾಶಿ-ಸುಜಿ. ಸುಮಾರು 600 ಮೀಟರ್ ಉದ್ದ, ಮೇಲೆ ಪೂರ್ತಿ ಮಾಡು, ಒಳಗೆ ಕಾರು ಬಸ್ಸು ಇಲ್ಲ, ಎರಡೂ ಕಡೆ ಅಂಗಡಿಯೋ ಅಂಗಡಿ. ಇದರ ದಕ್ಷಿಣದ ತುದಿ ದೋತೊಂಬೊರಿ ಕಾಲುವೆಯ ಎಬಿಸು ಸೇತುವೆಗೆ ಮುಟ್ಟುತ್ತದೆ. ಸೇತುವೆ ದಾಟಿದರೆ ಎಬಿಸುಬಾಶಿ-ಸುಜಿ ಅಂತ ಇನ್ನೊಂದು ಬೀದಿ ಶುರುವಾಗಿ ನಂಬಾ ರೈಲು ನಿಲ್ದಾಣದವರೆಗೆ ಹೋಗುತ್ತದೆ. ಒಟ್ಟು ಒಂದು ಕಿಲೋಮೀಟರ್, ಅಷ್ಟೇ. ಹಂಪನಕಟ್ಟೆಯಿಂದ ಬಂದರಿನವರೆಗೆ ಬಿಸಿಲಲ್ಲಿ ನಡೆದವರಿಗೆ ಇದು ಎಂತ ದೂರ! ಆದರೂ ಒಂದಿಡೀ ದಿನ ಇಟ್ಟುಕೊಳ್ಳಿ.

ನನ್ನ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದೊಡ್ಡ ಬೀದಿಯಲ್ಲಿ ನಡೆಯಿರಿ, ನೋಡಿ, ಆದರೆ ಪರ್ಸ್ ತೆರೆಯುವುದು ಅಡ್ಡಬೀದಿಗಳಲ್ಲಿ. ಮಾಡಿನ ಕೆಳಗಿನ ಮುಖ್ಯ ಬೀದಿಯಲ್ಲಿ ಈಗ ಜಾಸ್ತಿ ಕಾಣುವುದು ಬ್ರ್ಯಾಂಡ್ ಬಟ್ಟೆ, ಶೂ, ಮತ್ತೆ ಮಾತ್ರೆ, ಕ್ರೀಮು, ಶಾಂಪೂ ಎಲ್ಲ ಒಟ್ಟಿಗೆ ಮಾರುವ ದೊಡ್ಡ ದೊಡ್ಡ ಅಂಗಡಿಗಳು. ಅದೇ ಬ್ರ್ಯಾಂಡಿನ ಅಂಗಿ ಮಂಗಳೂರಿನ ಮಾಲಿನಲ್ಲೂ ಸಿಗುತ್ತದಲ್ವಾ? ಅದಕ್ಕೆ ಅಷ್ಟು ದೂರ ಹೋಗಬೇಕಾ? ಒಸಾಕಾದ್ದೇ ಅನ್ನಿಸುವ ವಸ್ತು ಬೇಕಿದ್ದರೆ ಹತ್ತು ಹೆಜ್ಜೆ ಎಡಕ್ಕೋ ಬಲಕ್ಕೋ ತಿರುಗಬೇಕು.

ತಲುಪುವುದು, ಶುರು ಮಾಡುವುದು

ನಮ್ಮ ಬಜ್ಪೆಯಿಂದ ಜಪಾನಿಗೆ ನೇರ ವಿಮಾನ ಇಲ್ಲ. ಬೆಂಗಳೂರಿಗೋ ಮುಂಬೈಗೋ ಹೋಗಿ, ಮತ್ತೆ ಸಿಂಗಾಪುರ, ಬ್ಯಾಂಕಾಕ್, ಹಾಂಗ್‌ಕಾಂಗ್ ಇಂಥ ಒಂದು ಕಡೆ ವಿಮಾನ ಬದಲಿಸಿ ಕನ್ಸಾಯ್ ನಿಲ್ದಾಣದಲ್ಲಿ ಇಳಿಯುವುದು ಹೆಚ್ಚಿನವರ ದಾರಿ. ಸಮುದ್ರಕ್ಕೆ ಮಣ್ಣು ತುಂಬಿಸಿ ಮಾಡಿದ ದ್ವೀಪದ ಮೇಲೆ 1994ರಲ್ಲಿ ಶುರುವಾದ ನಿಲ್ದಾಣ ಅದು. ಅಲ್ಲಿಂದ ನಂಕಾಯ್ ಕಂಪೆನಿಯ ರೈಲು ಹಿಡಿದರೆ ಮುಕ್ಕಾಲು ಗಂಟೆಗೆ ನಂಬಾ. ರಾಪಿತ್ ಅಂತ ಒಂದು ನೀಲಿ ರೈಲು ಉಂಟು, ಸೀಟು ಬುಕ್ ಮಾಡಬೇಕು, ದುಡ್ಡು ಜಾಸ್ತಿ, ಉಳಿಯುವುದು ಕೆಲವೇ ನಿಮಿಷ. ಮಕ್ಕಳಿದ್ದರೆ ಅದರ ಮೂತಿ ನೋಡಿ ಖುಷಿಪಡುತ್ತಾರೆ, ಇಲ್ಲದಿದ್ದರೆ ಸಾಮಾನ್ಯ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಸಾಕು. ನಿಲ್ದಾಣದಲ್ಲೇ ಇಕೋಕಾ ಕಾರ್ಡ್ ಮಾಡಿಸಿಕೊಂಡರೆ ರೈಲು, ಮೆಟ್ರೋ, ಬಸ್ಸು, ಚಿಕ್ಕ ಅಂಗಡಿಯ ನೀರಿನ ಬಾಟಲಿ ಎಲ್ಲಕ್ಕೂ ಆಗುತ್ತದೆ.

ನಂಬಾದಲ್ಲಿ ಇಳಿದ ಕೂಡಲೇ ಅಲ್ಲಿಂದಲೇ ನಡೆಯಲು ಹೊರಡಬೇಡಿ. ದೊಡ್ಡ ಬ್ಯಾಗುಗಳನ್ನು ಹೋಟೆಲಿನಲ್ಲೋ ಸ್ಟೇಷನ್ನಿನ ಲಾಕರಿನಲ್ಲೋ ಇಡಿ. ಆಮೇಲೆ ಮಿದೊಸುಜಿ ಮೆಟ್ರೋದಲ್ಲಿ ಒಂದೇ ಒಂದು ಸ್ಟೇಷನ್ ಉತ್ತರಕ್ಕೆ ಹೋಗಿ ಶಿನ್ಸಾಯ್‌ಬಾಶಿಯಲ್ಲಿ ಇಳಿಯಿರಿ. ಉತ್ತರದಿಂದ ದಕ್ಷಿಣಕ್ಕೆ ನಡೆಯುವುದೇ ಸರಿ. ಬಟ್ಟೆಬರೆ ಅಂಗಡಿಗಳು ರಾತ್ರಿ ಎಂಟು ಒಂಬತ್ತಕ್ಕೆ ಬಾಗಿಲು ಹಾಕುತ್ತವೆ, ತಿಂಡಿ ಮತ್ತು ದೀಪಗಳ ಗಲಾಟೆ ಇರುವುದು ದಕ್ಷಿಣದ ಕಾಲುವೆ ಹತ್ತಿರ. ಹಗಲು ಅಂಗಡಿ, ಸಂಜೆ ಕಾಲುವೆ ಅಂತ ಲೆಕ್ಕ ಹಾಕಿದರೆ ನಡಿಗೆ ತನ್ನಿಂದ ತಾನೇ ಕೂಡಿಬರುತ್ತದೆ.

ದಾರಿ ತಪ್ಪದ ಹಾಗೆ ಒಂದು ಉಪಾಯ. ಒಸಾಕಾದ ಈ ಭಾಗದಲ್ಲಿ ಉತ್ತರ-ದಕ್ಷಿಣ ಹೋಗುವ ಬೀದಿಯ ಹೆಸರಿನ ಕೊನೆಗೆ ಸುಜಿ ಅಂತ ಇರುತ್ತದೆ, ಪೂರ್ವ-ಪಶ್ಚಿಮದ್ದಕ್ಕೆ ದೋರಿ ಅಂತ. ಫೋನಿನ ಬ್ಯಾಟರಿ ಮುಗಿದರೂ ಬೋರ್ಡಿನ ಕೊನೆಯ ಅಕ್ಷರ ನೋಡಿ ದಿಕ್ಕು ಹಿಡಿಯಬಹುದು. ಪಶ್ಚಿಮದಲ್ಲಿ ಜೊತೆಜೊತೆಗೇ ಬರುವ ಅಗಲವಾದ ಮರಗಳ ರಸ್ತೆ ಮಿದೊಸುಜಿ. ಅದನ್ನು ಈಗಿನ ಅಗಲಕ್ಕೆ ತಂದದ್ದು 1937ರಲ್ಲಿ. ಅಲ್ಲಿ ವಾಹನಗಳು ದಕ್ಷಿಣಕ್ಕೆ ಮಾತ್ರ ಹೋಗುತ್ತವೆ. ಗೊಂದಲ ಆದರೆ ಆ ರಸ್ತೆಗೆ ಬಂದು ಕಾರು ಹೋಗುವ ಕಡೆಗೇ ನಡೆಯಿರಿ, ನಂಬಾ ಬಂದೇ ಬರುತ್ತದೆ. ಎಸ್ಕಲೇಟರಿನಲ್ಲಿ ಒಸಾಕಾದವರು ಬಲಕ್ಕೆ ನಿಲ್ಲುತ್ತಾರೆ. ಟೋಕಿಯೋದಲ್ಲಿ ಎಡಕ್ಕೆ. ಅಲ್ಲಿಂದ ಬಂದವರು ಅಡ್ಡ ನಿಂತು ಹಿಂದಿನವರ ದಾರಿ ಕಟ್ಟುವುದು ಇದಕ್ಕೇ.

ಹೋಗುವ ಹೊತ್ತು ಬೆಳಿಗ್ಗೆ ಹನ್ನೊಂದು, ವಾರದ ನಡುವಿನ ದಿನ. ಅದಕ್ಕಿಂತ ಮೊದಲು ಹೋದರೆ ಶಟರ್ ನೋಡಿಕೊಂಡು ಬರಬೇಕಾದೀತು. ಏಪ್ರಿಲ್ ಕೊನೆಯಿಂದ ಮೇ 5ರವರೆಗೆ ಅವರಿಗೆ ಸಾಲು ರಜೆ, ಕಾಲಿಡಲಿಕ್ಕೆ ಜಾಗ ಇರುವುದಿಲ್ಲ. ಜೂನ್ ಮಧ್ಯದಿಂದ ಜುಲೈವರೆಗೆ ಅಲ್ಲೂ ಮಳೆಗಾಲ, ಆದರೆ ಮಾಡು ಇರುವುದರಿಂದ ಈ ಬೀದಿಗೆ ಅದರ ಚಿಂತೆ ಇಲ್ಲ. ನಮಗಂತೂ ಆ ಮಳೆ ಮಳೆ ಅಂತ ಅನ್ನಿಸುವುದೇ ಇಲ್ಲ ಬಿಡಿ.

ದುಡ್ಡಿನ ವಿಷಯ

ನಮ್ಮ ಭಾವ ಹೊರಡುವ ಮುಂಚೆ ಕೇಳಿದ್ದು ಇದು: "ಚೌಕಾಶಿ ಮಾಡ್ಲಿಕ್ಕೆ ಆಗ್ತದಾ ಮಾರಾಯ?" ಆಗುವುದಿಲ್ಲ ಭಾವ. ಈ ಬೀದಿಯಲ್ಲಿ ನಿಗದಿ ಬೆಲೆಯ ಪದ್ಧತಿ ಇವತ್ತಿನದಲ್ಲ. ಈಗ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್ ಆಗಿರುವ ದಾಯ್‌ಮಾರು 1726ರಲ್ಲಿ ಇಲ್ಲಿ ಅಂಗಡಿ ಹಾಕಿತು. ಆಗ ಬಟ್ಟೆ ವ್ಯಾಪಾರದಲ್ಲಿ ಸಾಲ, ಚೌಕಾಶಿ ಎಲ್ಲ ಇದ್ದ ಕಾಲ. ಇವರು ಬೆಲೆ ಚೀಟಿ ಅಂಟಿಸಿ, ಕೈಯಲ್ಲಿ ಹಣ ಕೊಟ್ಟು ಒಯ್ಯಿರಿ ಅಂತ ಮಾರಿದರು. ಮೂರು ಶತಮಾನ ಆಯಿತು, ಅದೇ ಜಾಗದಲ್ಲಿ ಇದ್ದಾರೆ. ಒಸಾಕಾದವರು ಜಪಾನಿನ ಬೇರೆ ಊರಿನವರಿಗಿಂತ ಜಾಸ್ತಿ ಚೌಕಾಶಿ ಮಾಡುತ್ತಾರೆ ಅಂತ ಹೆಸರೇನೋ ಉಂಟು. ಚಿಕ್ಕ ಅಂಗಡಿಯಲ್ಲಿ ಎರಡು ಮೂರು ಸಾಮಾನು ತೆಗೆದುಕೊಂಡಾಗ ನಗುತ್ತಾ ಒಮ್ಮೆ ಕೇಳಿ ನೋಡಬಹುದು. ಎರಡನೇ ಸಲ ಕೇಳಬೇಡಿ.

ದುಡ್ಡು ಕೊಡುವ ರೀತಿ ಬೇರೆ. ಕೌಂಟರಿನ ಮೇಲೆ ಅಂಗೈ ಅಗಲದ ಒಂದು ಚಿಕ್ಕ ಟ್ರೇ ಇರುತ್ತದೆ. ನೋಟನ್ನು ಅವರ ಕೈಗೆ ಕೊಡುವುದಲ್ಲ, ಅದರಲ್ಲಿ ಇಡುವುದು. ಅಂಗಡಿಯವಳು ನೋಟು ತೆಗೆದು, ಇಷ್ಟು ಬಂತು ಅಂತ ಬಾಯಿಬಿಟ್ಟು ಹೇಳುತ್ತಾಳೆ. ಮರಳಿ ಕೊಡುವ ನೋಟುಗಳನ್ನು ನಿಮಗೆ ಕಾಣುವ ಹಾಗೆ ಹರಡಿ ಹಿಡಿದು ಒಂದೊಂದೇ ಎಣಿಸುತ್ತಾಳೆ, ನೀವು ತಲೆ ಆಡಿಸುವವರೆಗೆ ಕಾಯುತ್ತಾಳೆ, ಆಮೇಲೆ ಚಿಲ್ಲರೆ ಮತ್ತು ಬಿಲ್ಲು. ಹಿಂದೆ ಹತ್ತು ಜನ ನಿಂತಿದ್ದರೂ ಈ ಕ್ರಮ ಬದಲಾಗುವುದಿಲ್ಲ. ಟಿಪ್ಸ್ ಅಂತ ಬಿಟ್ಟು ಬಂದರೆ ಹಿಂದಿನಿಂದ ಓಡಿಬಂದು ವಾಪಸ್ ಕೊಟ್ಟಾರು.

500 ಯೆನ್ ಕೂಡ ಅಲ್ಲಿ ನಾಣ್ಯವೇ. ಸಂಜೆಯ ಹೊತ್ತಿಗೆ ಜೇಬು ಜೋಲುತ್ತದೆ, ಹಾಗಾಗಿ ಜಿಪ್ ಇರುವ ಒಂದು ಚಿಲ್ಲರೆ ಚೀಲ ಬೇಕೇ ಬೇಕು. ನಮ್ಮ ಯುಪಿಐ ನಂಬಿಕೊಂಡು ಹೋಗಬೇಡಿ. ದೊಡ್ಡ ಅಂಗಡಿಗಳಲ್ಲಿ ಕಾರ್ಡ್ ನಡೆಯುತ್ತದೆ, ಗಲ್ಲಿಯ ಚಿಕ್ಕ ಅಂಗಡಿಗಳಲ್ಲಿ ನಗದು ಮಾತ್ರ ಅನ್ನುವವರು ಇನ್ನೂ ಇದ್ದಾರೆ. ಸೆವೆನ್-ಇಲೆವೆನ್ ಅಂಗಡಿಯೊಳಗಿನ ಎಟಿಎಂನಲ್ಲಿ ಹೊರದೇಶದ ಕಾರ್ಡ್ ಹಾಕಿ ಯೆನ್ ತೆಗೆಯಬಹುದು, ಇಂಗ್ಲಿಷಿನಲ್ಲೂ ತೋರಿಸುತ್ತದೆ. ಆದರೆ ಊರಿನಲ್ಲಿರುವಾಗಲೇ ಬ್ಯಾಂಕಿನ ಆ್ಯಪಿನಲ್ಲಿ ಹೊರದೇಶದ ಬಳಕೆ ಆನ್ ಮಾಡಿಕೊಳ್ಳಿ. ಅಲ್ಲಿ ಹೋಗಿ ಮಾಡುತ್ತೇನೆ ಅಂದರೆ ಒಟಿಪಿ ಬರುವುದಿಲ್ಲ, ಸಿಮ್ಮಿಗೆ ನೆಟ್‌ವರ್ಕ್ ಇಲ್ಲ, ಗೋಳೇ ಗೋಳು.

ಬೆಲೆ ಚೀಟಿಯಲ್ಲಿ ಹಲವು ಸಲ ಎರಡು ಸಂಖ್ಯೆ ಇರುತ್ತವೆ. ದೊಡ್ಡ ಅಕ್ಷರದಲ್ಲಿ ತೆರಿಗೆ ಇಲ್ಲದ ಬೆಲೆ, ಅದರ ಕೆಳಗೆ ಚಿಕ್ಕದಾಗಿ ತೆರಿಗೆ ಸೇರಿದ ಬೆಲೆ. ನೀವು ಕೊಡಬೇಕಾದದ್ದು ಯಾವಾಗಲೂ ಜಾಸ್ತಿ ಇರುವ ಸಂಖ್ಯೆಯನ್ನು. ತೆರಿಗೆ 10 ಶೇಕಡಾ, ಕಟ್ಟಿಸಿಕೊಂಡು ಹೋಗುವ ತಿಂಡಿಗೆ 8. ಕೂತು ತಿಂದರೆ ಅದೇ ತಿಂಡಿಗೆ 10! ಈ ವ್ಯವಸ್ಥೆ ಬಂದದ್ದು 2019ರ ಅಕ್ಟೋಬರಿನಲ್ಲಿ.

ಪ್ರವಾಸಿಗಳಿಗೆ ಈ ತೆರಿಗೆ ಮಾಫಿ ಉಂಟು. ಒಂದೇ ಅಂಗಡಿಯಲ್ಲಿ ಒಂದೇ ದಿನ ತೆರಿಗೆ ಬಿಟ್ಟು 5,000 ಯೆನ್ ಮುಟ್ಟಬೇಕು, ಪಾಸ್‌ಪೋರ್ಟ್ ಕೈಯಲ್ಲಿರಬೇಕು. ಅದರ ಫೋಟೋ, ಜೆರಾಕ್ಸ್ ನಡೆಯುವುದಿಲ್ಲ. ಇಷ್ಟರವರೆಗೆ ಕೌಂಟರಿನಲ್ಲೇ ತೆರಿಗೆ ಕಳೆದು ಬಿಲ್ಲು ಮಾಡುತ್ತಿದ್ದರು. 2026ರ ನವೆಂಬರ್ 1ರಿಂದ ಕ್ರಮ ಬದಲಾಗುತ್ತದೆ: ಅಂಗಡಿಯಲ್ಲಿ ಪೂರ್ತಿ ದುಡ್ಡು ಕೊಡಬೇಕು, ದೇಶ ಬಿಡುವಾಗ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ವಸ್ತು ದೃಢಪಡಿಸಿಕೊಂಡ ಮೇಲೆ ತೆರಿಗೆ ವಾಪಸ್. ಹಾಗಾಗಿ ಆಮೇಲೆ ಹೋಗುವವರು ಕೈಯಲ್ಲಿ ಸ್ವಲ್ಪ ಜಾಸ್ತಿ ದುಡ್ಡು, ನಿಲ್ದಾಣದಲ್ಲಿ ಸ್ವಲ್ಪ ಜಾಸ್ತಿ ಸಮಯ ಎರಡೂ ಇಟ್ಟುಕೊಳ್ಳಿ. ಈ ಮಾಫಿಯ ಆಸೆಗೆ 5,000 ಮುಟ್ಟಿಸಲು ಬೇಡದ ಕ್ರೀಮು ತುಂಬಿಸಿಕೊಳ್ಳುವವರನ್ನು ಅಲ್ಲಿ ಸಾಲುಸಾಲಾಗಿ ನೋಡಬಹುದು. ನೀವು ಅವರಲ್ಲಿ ಒಬ್ಬರಾಗಬೇಡಿ.

ಮಾಡಿನ ಕೆಳಗೆ

ಮೊದಲು ದಾಯ್‌ಮಾರುವಿಗೆ ಹೋಗಿ. ಕೊಳ್ಳುವುದು ಬೇಡ, ಸುಮ್ನೆ ನೋಡಲಿಕ್ಕೆ. ವಿಲಿಯಂ ವೋರೀಸ್ ಅನ್ನುವ ಅಮೆರಿಕ ಮೂಲದ ವಾಸ್ತುಶಿಲ್ಪಿ ಮಾಡಿದ ಕಟ್ಟಡ, 1933ರಲ್ಲಿ ಪೂರ್ತಿ ಆದದ್ದು. ಹಳೆಯದನ್ನು ಕೆಡವಿ ಕಟ್ಟಿದ ಹೊಸ ಕಟ್ಟಡ 2019ರಲ್ಲಿ ತೆರೆಯಿತು, ಆದರೆ ಮಿದೊಸುಜಿ ಕಡೆಯ ಹಳೆಯ ಮುಖವನ್ನು ಹಾಗೇ ಉಳಿಸಿಕೊಂಡರು. ಬಾಗಿಲ ಮೇಲೆ ಗರಿ ಬಿಚ್ಚಿದ ನವಿಲು ಉಂಟು, ಒಳಗೆ ಚಾವಣಿಯ ಚಿತ್ತಾರ ಉಂಟು. ಬೀದಿಯಲ್ಲಿ ಶೌಚಾಲಯ ಸಿಗುವುದು ಕಷ್ಟ. ಇಲ್ಲಿ ಮತ್ತು ಪಕ್ಕದ ಪಾರ್ಕೊ ಮಾಲಿನಲ್ಲಿ ಚೊಕ್ಕವಾದದ್ದು ಪುಕ್ಕಟೆ. ಹಿರಿಯರು ಜೊತೆಗಿದ್ದರೆ ಇದು ನವಿಲಿಗಿಂತ ಮುಖ್ಯ.

ಬಾಶಿ ಅಂದರೆ ಸೇತುವೆ, ಆದರೆ ಬೀದಿಗೆ ಹೆಸರು ಕೊಟ್ಟ ಆ ಸೇತುವೆಯನ್ನು ಹುಡುಕಬೇಡಿ. ಇಲ್ಲಿದ್ದ ಇನ್ನೊಂದು ಕಾಲುವೆಯನ್ನೇ 1960ರ ದಶಕದಲ್ಲಿ ಮುಚ್ಚಿ ರಸ್ತೆ ಮಾಡಿದರು.

ಬಟ್ಟೆ ಹಾಕಿ ನೋಡುವುದಾದರೆ ಟ್ರಯಲ್ ರೂಮಿನ ಹೊರಗೇ ಚಪ್ಪಲಿ ಬಿಚ್ಚಿ. ಹೆಂಗಸರಿಗೆ ಒಳಗೆ ತೆಳ್ಳಗಿನ ಒಂದು ಮುಸುಕು ಕೊಡುತ್ತಾರೆ. ತಲೆಗೆ ಹಾಕಿಕೊಂಡು ಅಂಗಿ ಏರಿಸಿದರೆ ಲಿಪ್‌ಸ್ಟಿಕ್, ಪೌಡರ್ ಬಟ್ಟೆಗೆ ಹತ್ತುವುದಿಲ್ಲ. ಅಳತೆ ಎಲ್ಲ ನಮ್ಮದಕ್ಕಿಂತ ಚಿಕ್ಕದು. ನಮ್ಮ ಎಂ ಅಲ್ಲಿ ಎಲ್, ಕೆಲವೊಮ್ಮೆ ಅದೂ ಸಾಲುವುದಿಲ್ಲ. ಕ್ರೀಮು, ನೋವಿನ ಪಟ್ಟಿ ಮಾರುವ ಅಂಗಡಿಗಳಲ್ಲಿ ಮೊದಲನೆಯದರಲ್ಲೇ ಕೊಳ್ಳಬೇಡಿ. ಅದೇ ಡಬ್ಬಕ್ಕೆ ನಾಲ್ಕು ಅಂಗಡಿ ಆಚೆ ಬೇರೆ ಬೆಲೆ. ಪ್ಲಾಸ್ಟಿಕ್ ಚೀಲಕ್ಕೆ 2020ರಿಂದ ದುಡ್ಡು ತೆಗೆದುಕೊಳ್ಳುತ್ತಾರೆ, ಮನೆಯಿಂದ ಬಟ್ಟೆ ಚೀಲ ಒಯ್ಯಿರಿ. ಕಸದ ಬುಟ್ಟಿ ಎಲ್ಲೂ ಕಾಣುವುದಿಲ್ಲ. ತಿಂದ ಕಡ್ಡಿ, ಕಾಗದವನ್ನು ಕೊಂಡ ಅಂಗಡಿಗೇ ವಾಪಸ್ ಕೊಡುವುದು. ಸಿಗರೇಟು ಸೇದುವವರಿಗೆ ಒಂದು ಎಚ್ಚರಿಕೆ: 2025ರ ಜನವರಿಯಿಂದ ಒಸಾಕಾ ಊರಿಡೀ ರಸ್ತೆಯಲ್ಲಿ ಸೇದುವಂತಿಲ್ಲ, ದಂಡ 1,000 ಯೆನ್.

ಸಸ್ಯಾಹಾರಿಗಳು ಇದನ್ನು ಎರಡು ಸಲ ಓದಿ

ಉಡುಪಿಯ ಮಠದ ಊಟ ಉಂಡು ಬೆಳೆದವರು ಒಸಾಕಾದಲ್ಲಿ ಉಪವಾಸ ಬೀಳಬೇಕಾಗಿಲ್ಲ. ಆದರೆ ಅಲ್ಲಿ ಮೀನು ಕಣ್ಣಿಗೆ ಕಾಣುವುದಿಲ್ಲ, ಸಾರಿನೊಳಗೆ ಕೂತಿರುತ್ತದೆ. ಅಲ್ಲಿಯ ಅಡುಗೆಯ ತಳಪಾಯ ದಾಶಿ ಅನ್ನುವ ತಿಳಿಸಾರು. ಒಣಗಿಸಿದ ಕತ್ಸುಒ ಮೀನನ್ನು ಹೆರೆದು, ಕೊಂಬು ಅನ್ನುವ ಸಮುದ್ರದ ಪಾಚಿಯ ಜೊತೆ ಸೇರಿಸಿ ಅದನ್ನು ಮಾಡುತ್ತಾರೆ. ಈ ಬೀದಿಯ ಹತ್ತಿರವೇ ಹುಟ್ಟಿದ್ದೆಂದು ಹೇಳುವ ಕಿತ್ಸುನೆ ಉದೊನ್ ನೋಡಿ. ದಪ್ಪ ಬಿಳಿ ಶ್ಯಾವಿಗೆ, ಮೇಲೆ ಸಿಹಿಯಾಗಿ ಬೇಯಿಸಿದ ಕರಿದ ತೋಫು, ಈರುಳ್ಳಿ ಸೊಪ್ಪು. ನೋಡಿದರೆ ಅಪ್ಪಟ ಸಸ್ಯಾಹಾರ. ಆದರೆ ಬಟ್ಟಲಿನ ಸಾರು ಮೀನಿನದ್ದು. ಅತ್ತ ಬೀದಿ ಬದಿಯಲ್ಲಿ ತಾಯಾಕಿ ಅಂತ ಮೀನಿನ ಆಕಾರದ ಒಂದು ತಿಂಡಿ ಮಾರುತ್ತಾರೆ, ಬಾಲ, ಕಣ್ಣು, ಚಿಪ್ಪು ಎಲ್ಲ ಉಂಟು. ಅದರೊಳಗೆ ಇರುವುದು ಕೆಂಪು ಕಾಳಿನ ಸಿಹಿ ಹೂರಣ! ಮೀನಿನ ಹಾಗೆ ಕಾಣುವುದರಲ್ಲಿ ಮೀನಿಲ್ಲ, ಕಾಣದ್ದರಲ್ಲಿ ಉಂಟು. ತಾಯಾಕಿಯ ಹಿಟ್ಟಿಗೆ ಮೊಟ್ಟೆ ಹಾಕುವವರಿದ್ದಾರೆ, ಅದನ್ನು ಕೇಳಿಕೊಳ್ಳಿ.

ಮೀನು ಬೇಡ ಅಂತ ಮಾತ್ರ ಹೇಳಿದರೆ ಸಾಲುವುದಿಲ್ಲ. ಮೇಲಿನ ತುಂಡು ತೆಗೆದು ಅದೇ ಸಾರು ಕೊಡುತ್ತಾರೆ, ಅವರ ಲೆಕ್ಕದಲ್ಲಿ ಅದು ಮೋಸ ಅಲ್ಲ. ಮೀನು, ಮಾಂಸ, ಮೊಟ್ಟೆ, ಕತ್ಸುಒ ದಾಶಿ ಯಾವುದೂ ಬೇಡ ಅಂತ ಜಪಾನಿ ಭಾಷೆಯಲ್ಲಿ ಬರೆದ ಒಂದು ಚೀಟಿ ಫೋನಿನಲ್ಲಿ ಇಟ್ಟುಕೊಂಡು ತೋರಿಸಿ. ಪ್ಯಾಕೆಟಿನ ಹಿಂದಿನ ಬರಹವನ್ನು ಫೋನಿನ ಕ್ಯಾಮೆರಾದಲ್ಲಿ ಅನುವಾದಿಸಿ ಓದಿ, ಬಟಾಟೆ ಚಿಪ್ಸಿನಲ್ಲೂ ಕತ್ಸುಒ ಇರುವುದುಂಟು. ಅಕ್ಕಿ ಹಿಟ್ಟಿನ ಮೋಚಿ, ಹೂರಣ ತುಂಬಿದ ದಾಯ್‌ಫುಕು, ಸುಟ್ಟ ಗೆಣಸು, ಹಣ್ಣು ಇವು ಹೆಚ್ಚಾಗಿ ಸುರಕ್ಷಿತ. ಬೌದ್ಧ ಮಠಗಳ ಶೋಜಿನ್ ಊಟದಲ್ಲಿ ಮೀನೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ, ಆದರೆ ಮೊದಲೇ ಬುಕ್ ಮಾಡಬೇಕು, ಬೆಲೆಯೂ ಜೋರು. ಅಮ್ಮ, ದೊಡ್ಡಮ್ಮನವರನ್ನು ಕರೆದುಕೊಂಡು ಹೋಗುವವರು ಅವಲಕ್ಕಿ, ಚಟ್ನಿಪುಡಿ ಬ್ಯಾಗಿಗೆ ಹಾಕಿ. ಅದಕ್ಕೆ ನಾಚಿಕೊಳ್ಳುವುದು ಎಂತಕ್ಕೆ?

ಸಸ್ಯಾಹಾರಿಗಳು ಇಲ್ಲಿಂದ ತರಬೇಕಾದದ್ದು ಒಣ ಕೊಂಬು. ಅದು ಬೆಳೆಯುವುದು ದೂರದ ಹೊಕ್ಕಾಯ್ಡೊದಲ್ಲಿ, ಆದರೆ ಹಿಂದಿನ ಕಾಲದಲ್ಲಿ ಹಾಯಿ ಹಡಗುಗಳು ಅದನ್ನು ತಂದು ಇಳಿಸುತ್ತಿದ್ದದ್ದು ಒಸಾಕಾದಲ್ಲಿ, ಹಾಗಾಗಿ ಅದನ್ನು ಮಾರುವ, ಹದ ಮಾಡುವ ಅಂಗಡಿಗಳು ಇಲ್ಲಿ ತಲೆಮಾರುಗಳಿಂದ ಉಂಟು. ದಾಯ್‌ಮಾರುವಿನ ನೆಲಮಾಳಿಗೆಯಲ್ಲೂ ಸಿಗುತ್ತದೆ. ಒಂದು ತುಂಡನ್ನು ರಾತ್ರಿ ತಣ್ಣೀರಿನಲ್ಲಿ ಹಾಕಿಟ್ಟು, ಬೆಳಿಗ್ಗೆ ಆ ನೀರನ್ನು ಸಾರಿಗೆ ಬಳಸಿ ನೋಡಿ. 1908ರಲ್ಲಿ ಕಿಕುನಾಎ ಇಕೆದಾ ಅನ್ನುವ ವಿಜ್ಞಾನಿ ಸಾರಿಗೆ ರುಚಿ ಕೊಡುವ ಗ್ಲುಟಮೇಟ್ ಅನ್ನುವ ಅಂಶವನ್ನು ಬೇರ್ಪಡಿಸಿ ತೋರಿಸಿದ್ದು ಇದೇ ಕೊಂಬುವಿನಿಂದ. ಸಮುದ್ರದ್ದು ಮಡಿಗೆ ಆಗುತ್ತದಾ ಅಂತ ನನ್ನನ್ನು ಕೇಳಬೇಡಿ, ಅದು ನಿಮ್ಮ ಅಜ್ಜಿಯ ಹತ್ತಿರ ಇತ್ಯರ್ಥ ಆಗಬೇಕಾದ ವಿಷಯ.

ಮೀನು ತಿನ್ನುವವರಿಗೆ

ನಮ್ಮ ಬಂಗುಡೆಯ ನೆಂಟ ಅಲ್ಲಿಯ ಸಾಬಾ. ಸ್ವಲ್ಪ ದೊಡ್ಡದು, ಎಣ್ಣೆಯೂ ಜಾಸ್ತಿ. ಒಸಾಕಾದವರು ಅದನ್ನು ಉಪ್ಪು, ವಿನೆಗರಿನಲ್ಲಿ ಹದ ಮಾಡಿ, ಮರದ ಅಚ್ಚಿನಲ್ಲಿ ಅನ್ನದ ಮೇಲೆ ಒತ್ತಿ, ಮೇಲೆ ಪಾರದರ್ಶಕವಾದ ಕೊಂಬುವಿನ ಹಾಳೆ ಹೊದಿಸಿ ಕತ್ತರಿಸುತ್ತಾರೆ. ಇದಕ್ಕೆ ಬತ್ತೆರಾ ಅಂತ ಹೆಸರು. ಮೆಣಸಿಲ್ಲ, ಹುಣಸೆಹುಳಿ ಇಲ್ಲ, ಕಾವಲಿ ಇಲ್ಲ. ಬಂಗುಡೆ ಪುಳಿಮುಂಚಿಯ ನಾಲಿಗೆಗೆ ಮೊದಲ ತುಂಡು ಸಪ್ಪೆ ಅನ್ನಿಸುತ್ತದೆ, ಮೂರನೆಯದಕ್ಕೆ ಅರ್ಥ ಆಗುತ್ತದೆ. ದಾಯ್‌ಮಾರುವಿನ ನೆಲಮಾಳಿಗೆಯಂಥ ಕಡೆ ಸಂಜೆ ಏಳರ ಹೊತ್ತಿಗೆ ಒಬ್ಬ ಕೆಲಸದವರು ಸ್ಟಿಕ್ಕರಿನ ಸುರುಳಿ ಹಿಡಿದು ಬರುವುದುಂಟು. ಒಂದೊಂದೇ ಪೊಟ್ಟಣಕ್ಕೆ ಇಪ್ಪತ್ತು ಶೇಕಡಾ, ಮೂವತ್ತು ಶೇಕಡಾ ಕಡಿಮೆ ಅಂತ ಅಂಟಿಸುತ್ತಾ ಹೋಗುತ್ತಾರೆ. ಮುಚ್ಚುವ ಹೊತ್ತು ಹತ್ತಿರ ಬಂದ ಹಾಗೆ ಅರ್ಧ ಬೆಲೆಯ ಸ್ಟಿಕ್ಕರ್. ಅಲ್ಲಿಯ ಆಂಟಿಯರು ಬುಟ್ಟಿ ಹಿಡಿದು, ಎಂತದೂ ಗೊತ್ತಿಲ್ಲದವರ ಹಾಗೆ ಪಕ್ಕದಲ್ಲೇ ನಿಂತಿರುತ್ತಾರೆ. ಅವರ ಹಿಂದೆ ನಿಲ್ಲಿ.

ತಾಕೊಯಾಕಿ ಬಿಡುವ ಹಾಗಿಲ್ಲ. 1935ರಲ್ಲಿ ಒಸಾಕಾದಲ್ಲೇ ಶುರುವಾದ ತಿಂಡಿ. ಗುಳಿಯಪ್ಪದ ಕಾವಲಿಯಂಥದ್ದೇ ಕಬ್ಬಿಣದ ಹಲಗೆ, ಗುಳಿ ಮಾತ್ರ ಹತ್ತಾರು. ದಾಶಿ ಹಾಕಿ ಕಲಸಿದ ನೀರು ನೀರಾದ ಹಿಟ್ಟನ್ನು ಗುಳಿ ತುಂಬಿ ಹೊರಗೆ ಹರಿಯುವಷ್ಟು ಸುರಿಯುತ್ತಾರೆ. ಒಂದೊಂದಕ್ಕೂ ಬೇಯಿಸಿದ ಆಕ್ಟೋಪಸ್ಸಿನ ಒಂದು ತುಂಡು, ಕೆಂಪು ಶುಂಠಿ ಉಪ್ಪಿನಕಾಯಿ, ಈರುಳ್ಳಿ ಸೊಪ್ಪು. ಆಮೇಲೆ ಎರಡು ಸೂಜಿ ಹಿಡಿದು, ಗುಳಿಗಳ ನಡುವಿನ ಹಿಟ್ಟನ್ನು ಗೆರೆ ಎಳೆದ ಹಾಗೆ ಕತ್ತರಿಸಿ ಒಳಗೆ ತುರುಕುತ್ತಾ ಕಾಲು ಸುತ್ತು ತಿರುಗಿಸುತ್ತಾರೆ, ಮತ್ತೆ ಕಾಲು ಸುತ್ತು, ಕೊನೆಗೆ ಎಲ್ಲವೂ ಗುಂಡಗೆ ಉರುಳುತ್ತವೆ. ಮೇಲೆ ಕಪ್ಪು ಸಾಸು, ಪಾಚಿಯ ಪುಡಿ, ಹೆರೆದ ಮೀನು. ಬಿಸಿಗೆ ಆ ಮೀನಿನ ಹೆರಕಲು ಅಲುಗಾಡುತ್ತಾ ಇರುತ್ತದೆ. ಹೊರಗೆ ಆರಿದ ಹಾಗೆ ಕಂಡರೂ ಒಳಗೆ ಕುದಿಯುತ್ತಿರುತ್ತದೆ ಮಾರಾಯ್ರೆ. ಇಡಿಯಾಗಿ ಬಾಯಿಗೆ ಹಾಕಿದರೆ ಮತ್ತೆ ಎರಡು ದಿನ ಯಾವ ರುಚಿಯೂ ಗೊತ್ತಾಗುವುದಿಲ್ಲ. ಕಡ್ಡಿಯಿಂದ ಒಡೆದು, ಆರಿಸಿ, ಅಂಗಡಿಯ ಎದುರೇ ನಿಂತು ತಿನ್ನಿ. ನಡೆಯುತ್ತಾ ತಿನ್ನುವುದು ಅಲ್ಲಿ ಚಂದ ಅಲ್ಲ, ಆ ಜನಜಂಗುಳಿಯಲ್ಲಿ ಯಾರದ್ದೋ ಬೆನ್ನಿಗೆ ಸಾಸು ಹತ್ತಿದರೆ ರಗಳೆ.

ಕುರೊಮೊನ್ ಮೀನು ಮಾರುಕಟ್ಟೆ ಇಲ್ಲಿಗೆ ಹತ್ತಿರ, ನಂಬಾದಿಂದ ಪೂರ್ವಕ್ಕೆ. ಹೆಚ್ಚಿನ ಅಂಗಡಿಗಳು ಸಂಜೆಗೆ ಮುಚ್ಚುವುದರಿಂದ ಬೇಕಿದ್ದರೆ ಅದನ್ನು ಬೆಳಿಗ್ಗೆಯೇ ಮುಗಿಸಿ. ನನ್ನ ಅಭಿಪ್ರಾಯ ಕೇಳಿದರೆ, ನೋಡಿ ಬನ್ನಿ, ಹೊಟ್ಟೆ ತುಂಬಿಸಲು ಹೋಗಬೇಡಿ. ಕಡ್ಡಿಗೆ ಚುಚ್ಚಿದ ಸಿಗಡಿ, ಏಡಿ ಕಾಲು ಎಲ್ಲದರ ಬೆಲೆ ಈಗ ಪ್ರವಾಸಿಗಳಿಗೆ ಅಂತಲೇ ಇಟ್ಟದ್ದು. ಬಂದರಿನ ದಕ್ಕೆಯಲ್ಲಿ ಬೆಳಿಗ್ಗೆ ಮೀನು ನೋಡಿ ಬೆಳೆದವರಿಗೆ ಹೊಟ್ಟೆ ಉರಿಯುತ್ತದೆ. ಬೆಲೆ ಬರೆಯದ ಅಂಗಡಿಯಲ್ಲಿ ಬೆರಳು ತೋರಿಸಲೇಬೇಡಿ.

ಕತ್ತಿ ಕೊಳ್ಳುವುದು

ಅಡ್ಡಬೀದಿಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ದೋಗುಯಾ-ಸುಜಿ. ನಂಬಾದ ಹತ್ತಿರ, 150 ಮೀಟರಿನಷ್ಟು ಉದ್ದ, ಪೂರ್ತಿ ಅಡುಗೆ ಸಾಮಾನಿನದ್ದು. ಹೋಟೆಲಿನವರು ಬಂದು ಕೊಳ್ಳುವ ಜಾಗ. ನಮ್ಮಲ್ಲಿ ಹೋಟೆಲ್ ನಡೆಸುವ ಮನೆತನದವರಾದರೆ ಎರಡು ಗಂಟೆ ಹೊರಗೆ ಬರುವುದಿಲ್ಲ. ತಾಕೊಯಾಕಿ ಕಾವಲಿ, ಬೋರ್ಡು, ಬಟ್ಟಲು, ಹೋಟೆಲಿನ ಗಾಜಿನೊಳಗೆ ಇಡುವ ಪ್ಲಾಸ್ಟಿಕ್ಕಿನ ನಕಲಿ ತಿಂಡಿ, ಎಲ್ಲ ಉಂಟು. ಸಂಜೆ ಆರಕ್ಕೆ ಹೆಚ್ಚಿನವರು ಬಾಗಿಲು ಎಳೆಯುತ್ತಾರೆ, ನಾಲ್ಕು ಗಂಟೆಗೆ ಅಲ್ಲಿರಿ.

ಕತ್ತಿಗಳು ಬರುವುದು ಪಕ್ಕದ ಸಾಕಾಯ್ ಊರಿನಿಂದ. ಜಪಾನಿನ ಬಾಣಸಿಗರು ಬಳಸುವ ಕತ್ತಿಗಳಿಗೆ ಶತಮಾನಗಳಿಂದ ಹೆಸರಾದ ಊರು. ಮೀನಿಗೆ ಅಂತಲೇ ದೆಬಾ ಅನ್ನುವ ಕತ್ತಿ ಉಂಟು, ಬೆನ್ನು ದಪ್ಪ, ತೂಕ ಜಾಸ್ತಿ, ಅಂಜಲಿನ ತಲೆಯನ್ನೂ ಒಂದೇಟಿಗೆ ತೆಗೆಯುತ್ತದೆ. ಆದರೆ ಅದಕ್ಕೆ ಒಂದೇ ಬದಿಗೆ ಹರಿತ, ಬಲಗೈಯವರ ಲೆಕ್ಕದಲ್ಲಿ. ಎಡಗೈಯವರದ್ದು ಬೇರೆ, ಬೆಲೆಯೂ ಜಾಸ್ತಿ. ಮೆಟ್ಟುಕತ್ತಿಯಲ್ಲಿ ಮೀನು ಕೊಯ್ದು ಅಭ್ಯಾಸ ಇರುವ ಅಮ್ಮನಿಗೆ ದೆಬಾ ಕೊಟ್ಟರೆ ಅದು ಕಪಾಟಿನಲ್ಲೇ ಇರುತ್ತದೆ. ತರಕಾರಿ, ಮೀನು ಎರಡಕ್ಕೂ ಆಗುವ, ಎರಡೂ ಬದಿ ಹರಿತದ ಸಾಂತೊಕು ತನ್ನಿ.

ಇನ್ನು ಮುಖ್ಯ ವಿಷಯ ಲೋಹ. ಅಂಗಡಿಯವರು ಹೆಮ್ಮೆಯಿಂದ ತೋರಿಸುವುದು ಕಾರ್ಬನ್ ಉಕ್ಕಿನದ್ದು. ಹರಿತ ಅಂದರೆ ಹರಿತ, ಆದರೆ ಒದ್ದೆ ಬಿಟ್ಟರೆ ತುಕ್ಕು. ಜುಲೈ ತಿಂಗಳಲ್ಲಿ ಕಿಟಕಿಯ ಸರಳೇ ತುಕ್ಕು ಹಿಡಿಯುವ ನಮ್ಮ ಕರಾವಳಿಯಲ್ಲಿ, ಪ್ರತಿ ಸಲ ತೊಳೆದು ಒರೆಸಿ ಎಣ್ಣೆ ಸವರುವ ತಾಳ್ಮೆ ಇದ್ದರೆ ಮಾತ್ರ ಅದು. ಇಲ್ಲದಿದ್ದರೆ ಸ್ಟೇನ್‌ಲೆಸ್ ಕೇಳಿ, ಅವರ ಸ್ಟೇನ್‌ಲೆಸ್ ನಾವು ತಿಳಿದುಕೊಂಡ ಹಾಗೆ ಮೊಂಡು ಅಲ್ಲ. ಹಲವು ಅಂಗಡಿಗಳಲ್ಲಿ ಅಲಗಿನ ಮೇಲೆ ಹೆಸರು ಕೆತ್ತಿ ಕೊಡುತ್ತಾರೆ, ಅದಕ್ಕೆ ಸಮಯ ಇಟ್ಟುಕೊಳ್ಳಿ. ಕತ್ತಿ ಕೊಂಡ ಮೇಲೆ ಡಬ್ಬಿ ಬಿಚ್ಚಿ ಬೀದಿಯಲ್ಲಿ ತಿರುಗಬೇಡಿ. ಸರಿಯಾದ ಕಾರಣ ಇಲ್ಲದೆ 6 ಸೆಂಟಿಮೀಟರಿಗಿಂತ ಉದ್ದದ ಅಲಗು ಇಟ್ಟುಕೊಂಡು ಓಡಾಡುವುದು ಅಲ್ಲಿ ಅಪರಾಧ. ಕಟ್ಟು ಹಾಗೇ ಇರಲಿ, ಬಿಲ್ಲು ಜೊತೆಗಿರಲಿ. ವಿಮಾನದಲ್ಲಿ ಚೆಕ್-ಇನ್ ಬ್ಯಾಗಿಗೇ ಹಾಕಬೇಕು ಅಂತ ಬೇರೆ ಹೇಳಬೇಕಾಗಿಲ್ಲ.

ಹಗುರದ ಉಡುಗೊರೆ ಬೇಕಾದವರು ತೆನುಗುಯ್ ಹುಡುಕಿ. ಮೊಳಕ್ಕಿಂತ ಕಡಿಮೆ ಅಗಲದ, ಸುಮಾರು 90 ಸೆಂಟಿಮೀಟರ್ ಉದ್ದದ ತೆಳ್ಳಗಿನ ಹತ್ತಿ ಬಟ್ಟೆ, ಚಂದದ ಅಚ್ಚು. ಅಂಚು ಹೊಲಿದಿರುವುದಿಲ್ಲ, ಅದಕ್ಕೇ ಬೇಗ ಒಣಗುತ್ತದೆ. ಮೊದಲ ಕೆಲವು ಒಗೆತಕ್ಕೆ ನೂಲು ಬಿಡುತ್ತದೆ, ಎಳೆಯಬೇಡಿ, ಕತ್ತರಿಸಿ. ಮಳೆಗಾಲದಲ್ಲಿ ಬೈರಾಸೂ ಒಣಗದ ಮನೆಗಳಿಗೆ ಇದಕ್ಕಿಂತ ಒಳ್ಳೆಯ ವಸ್ತು ಕಡಿಮೆ. ಚಾಕ್ಲೇಟು ತರುವವರು ತರಲಿ ಬಿಡಿ, ಬಜ್ಪೆಗೆ ಇಳಿಯುವಾಗ ಅದು ಕರಗಿ ಮುದ್ದೆ.

ಕತ್ತಲಾದ ಮೇಲೆ

ಸೂರ್ಯ ಮುಳುಗುವ ಹೊತ್ತಿಗೆ ವಾಪಸ್ ಎಬಿಸು ಸೇತುವೆಗೆ ಬನ್ನಿ. ಎಬಿಸು ಅಂದರೆ ಮೀನುಗಾರರ ಮತ್ತು ವ್ಯಾಪಾರಿಗಳ ದೇವರು, ಒಂದು ಕೈಯಲ್ಲಿ ಗಾಳ, ಕಂಕುಳಲ್ಲಿ ಮೀನು. ಮಲ್ಪೆಯವರಿಗೆ ಕೂಡಲೇ ಇಷ್ಟ ಆಗುವ ದೇವರು. ಜನವರಿ 9ರಿಂದ 11ರ ನಡುವೆ ಹೋದರೆ ನಂಬಾದಿಂದ ದಕ್ಷಿಣದ ಇಮಾಮಿಯಾ ಗುಡಿಯಲ್ಲಿ ಅವನ ಜಾತ್ರೆ, ವ್ಯಾಪಾರ ಚೆನ್ನಾಗಿ ನಡೆಯಲಿ ಅಂತ ಜನ ಬಿದಿರಿನ ಕೊಂಬೆ ಒಯ್ಯುತ್ತಾರೆ.

ಸೇತುವೆಯ ಮೇಲೆ ನಿಂತರೆ ಎರಡೂ ಕೈ ಎತ್ತಿ ಓಡುವ ಗ್ಲಿಕೊ ಮನುಷ್ಯನ ಬೋರ್ಡು ಎದುರಿಗೆ, ಗ್ಲಿಕೊ ಅಂದರೆ ಮಿಠಾಯಿ ಕಂಪೆನಿ. ಮೊದಲನೆಯದು ಬಂದದ್ದು 1935ರಲ್ಲಿ, ಈಗಿರುವುದು ಆರನೆಯದು, 2014ರ ಎಲ್ಇಡಿ. ಎಲ್ಲರೂ ಅವನ ಹಾಗೆ ಒಂದು ಕಾಲೆತ್ತಿ ಫೋಟೋ ತೆಗೆಸಿಕೊಳ್ಳುತ್ತಾರೆ, ನೀವೂ ತೆಗೆಸಿಕೊಳ್ಳಿ, ಯಾರೂ ನೋಡುವುದಿಲ್ಲ. 1985ರಲ್ಲಿ ಇಲ್ಲಿಯವರ ಮೆಚ್ಚಿನ ಬೇಸ್‌ಬಾಲ್ ತಂಡ ಹನ್ಶಿನ್ ಟೈಗರ್ಸ್ ಗೆದ್ದಾಗ ಅಭಿಮಾನಿಗಳು ಕಾಲುವೆಗೆ ಹಾರಿದ್ದಲ್ಲದೆ, ಹತ್ತಿರದ ಕೆಎಫ್‌ಸಿ ಎದುರಿನ ಕರ್ನಲ್ ಬೊಂಬೆಯನ್ನೂ ನೀರಿಗೆ ಎಸೆದರು. ಅದು ಕೆಸರಿನಿಂದ ಮೇಲೆ ಬಂದದ್ದು 2009ರಲ್ಲಿ.

ಗಲಾಟೆ ಸಾಕು ಅನ್ನಿಸಿದರೆ ಕಾಲುವೆಯಿಂದ ಸ್ವಲ್ಪ ದಕ್ಷಿಣಕ್ಕೆ ಕಲ್ಲು ಹಾಸಿದ ಹೊಜೆಂಜಿ ಓಣಿ ಉಂಟು. ಅಲ್ಲಿಯ ಫುದೊ ಅನ್ನುವ ಬೌದ್ಧ ದೇವರ ವಿಗ್ರಹಕ್ಕೆ ಬಂದವರೆಲ್ಲ ಸೌಟಿನಲ್ಲಿ ನೀರು ಎರಚಿ ಎರಚಿ, ಮೈಯೆಲ್ಲ ದಪ್ಪ ಪಾಚಿ ಬೆಳೆದು ಮುಖವೇ ಕಾಣುವುದಿಲ್ಲ. ನೀವೂ ಎರಚಬಹುದು. ಪೆಟ್ಟಿಗೆಗೆ 5 ಯೆನ್ನಿನ ತೂತು ನಾಣ್ಯ ಹಾಕುವುದು ಅವರ ವಾಡಿಕೆ.

ರಾತ್ರಿಯಾದ ಮೇಲೆ ಕಾಲುವೆಯ ಉತ್ತರದ ಸೊಎಮೊನ್‌ಚೊ ಕಡೆ ನಿಮ್ಮ ಭಾಷೆಯಲ್ಲೇ ಮಾತಾಡಿ ಬಾರಿಗೆ ಕರೆಯುವವರು ಸಿಕ್ಕರೆ ನಿಲ್ಲಬೇಡಿ. ಒಳಗೆ ಹೋದ ಮೇಲೆ ಬಿಲ್ಲು ಎಷ್ಟಾಗುತ್ತದೆ ಅಂತ ಅವರಿಗೆ ಮಾತ್ರ ಗೊತ್ತು. ಮೆಟ್ರೋ ಮಧ್ಯರಾತ್ರಿಯ ಸುಮಾರಿಗೆ ನಿಲ್ಲುತ್ತದೆ, ಹೋಟೆಲ್ ದೂರ ಇದ್ದರೆ ಹನ್ನೊಂದೂವರೆಗೆ ಸ್ಟೇಷನ್ನಿನಲ್ಲಿರಿ. ತಪ್ಪಿದರೆ ಟ್ಯಾಕ್ಸಿ, ಮೀಟರಿನ ಮೇಲೆಯೇ ಹೋಗುತ್ತಾರೆ, ರಾತ್ರಿ ದರ ಜಾಸ್ತಿ. ಹೋಟೆಲಿನ ವಿಳಾಸ ಜಪಾನಿ ಅಕ್ಷರದಲ್ಲಿರುವ ಕಾರ್ಡು ತೋರಿಸಿ. ಮತ್ತೆ, ಹಿಂದಿನ ಬಾಗಿಲಿಗೆ ಕೈ ಹಾಕಬೇಡಿ. ಅದನ್ನು ತೆರೆಯುವುದು, ಮುಚ್ಚುವುದು ಎಲ್ಲ ಡ್ರೈವರ್ ಕೂತಲ್ಲಿಂದಲೇ ಮಾಡುತ್ತಾನೆ.